ಕೆಂಚ ಯಾಕೆ ಮುದ್ದೆ ಮುಟ್ಟಲಿಲ್ಲ

ಜರಗನಹಳ್ಳಿಯ ಬೈಲಪ್ಪನವರ ಮನೆಗೆ ಬೀಗ ಬಂದದ್ದು ಈಚೆಗೆ. ಮುಂಚೆ ಆ ಮನೆಗೆ ಬೀಗದ ಅಗತ್ಯವೇ ಇರಲಿಲ್ಲ. ಮನೆ ತುಂಬ ಜನ, ಕೊಟ್ಟಿಗೆ ತುಂಬ ದನ. ಅರ್ಧ ಜನ ಹೊಲಕ್ಕೆ ಹೋದರೆ ಇನ್ನರ್ಧ ಜನ ಮನೆಯಲ್ಲಿರುತ್ತಿದ್ದರು. ಅವರೂ ಎದ್ದು ಹೋದರೆ ಬೈಲಪ್ಪನವರ ತಾಯಿ ಸೊಣ್ಣಮ್ಮನಾದರೂ ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಅವರೆಕಾಯಿ ಸುಲಿಯುತ್ತ ಕೂತಿರುತ್ತಿದ್ದರು. ಅವರ ಕಾಲ ಬಳಿ ಕೆಂಚ ಮಲಗಿರುತ್ತಿತ್ತು.

ಕೆಂಚ ಅಂದರೆ ಕೆಂಚು ಬಣ್ಣದ ಊರ ನಾಯಿ. ಒಂದು ಕಿವಿ ನಿಂತಿರುತ್ತದೆ, ಇನ್ನೊಂದು ಬಗ್ಗಿರುತ್ತದೆ. ಆ ಮನೆಗೆ ಮರಿಯಾಗಿ ಬಂದಾಗಿನಿಂದ ಅದು ಒಂಟಿಯಾಗಿ ಇದ್ದದ್ದೇ ಇಲ್ಲ. ಹೊಲಕ್ಕೆ ಹೋದರೆ ಹೊಲದಲ್ಲಿ ಜನ, ಕಣಕ್ಕೆ ಹೋದರೆ ಕಣದಲ್ಲಿ ಜನ, ಮನೆಗೆ ಬಂದರೆ ಸೊಣ್ಣಮ್ಮ.

ಕಾಲ ನಿಲ್ಲಲಿಲ್ಲ. ಹೊಲಗಳು ಜೆ.ಪಿ. ನಗರದ ಸೈಟುಗಳಾದವು. ಅಣ್ಣತಮ್ಮಂದಿರು ಭಾಗ ಮಾಡಿಕೊಂಡರು. ಬೈಲಪ್ಪನವರ ಪಾಲಿಗೆ ಹಳೆಯ ಮನೆ, ಮುಂದಿನ ಅಂಗಳ ಮತ್ತು ಅಂಗಳದಾಚೆ ಕಟ್ಟಿಸಿದ ಬಾಡಿಗೆ ಮನೆಗಳ ಸಾಲು ಬಂತು. ದನ ಮಾರಿಬಿಟ್ಟು ಬನಶಂಕರಿಯಲ್ಲಿ ಹಿಂಡಿ ಬೂಸಾ ಅಂಗಡಿ ಇಟ್ಟರು. ಸ್ವಂತ ದನ ಕಟ್ಟಿಕೊಂಡು ಒದ್ದಾಡುವುದಕ್ಕಿಂತ ಬೇರೆಯವರ ದನಕ್ಕೆ ಮೇವು ಮಾರುವುದೇ ಸುಖ ಎಂದು ಅವರೇ ಹೇಳಿಕೊಂಡು ನಗುತ್ತಾರೆ. ಮಗಳು ಮದುವೆಯಾಗಿ ಗಿರಿನಗರಕ್ಕೆ ಹೋದಳು. ಹೋದ ವರ್ಷ ಸೊಣ್ಣಮ್ಮ ತೀರಿಕೊಂಡರು. ಈ ವರ್ಷ ಯುಗಾದಿ ಕಳೆದ ಮೇಲೆ ಬೈಲಪ್ಪನವರ ಹೆಂಡತಿ ಅಂಜನಮ್ಮ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸಿಗೆ ಟೈಲರಾಗಿ ಸೇರಿದರು. ಬೆಳಿಗ್ಗೆ ಫ್ಯಾಕ್ಟರಿಯ ಮೆಟಡೋರ್ ವ್ಯಾನು ಕನಕಪುರ ರಸ್ತೆಗೆ ಬರುತ್ತದೆ. ವ್ಯಾನು ಹತ್ತಲು ಅಂಜನಮ್ಮ ಓಡುತ್ತಾರೆ, ಬಸ್ಸು ಹಿಡಿಯಲು ಬೈಲಪ್ಪ ಓಡುತ್ತಾರೆ.

ಹೀಗೆ ಬಾಗಿಲಿಗೆ ಬೀಗ ಬಂತು. ಬೀಗದ ಜೊತೆಗೆ ಬೈಲಪ್ಪನವರಿಗೆ ಒಂದು ಚಟವೂ ಬಂತು. ಬೀಗ ಹಾಕಿದ ಮೇಲೆ ಅದನ್ನು ಹಿಡಿದು ಜಗ್ಗುತ್ತಾರೆ. ಓಣಿಯ ತಿರುವಿನ ತನಕ ಹೋಗುತ್ತಾರೆ. ಸರಿಯಾಗಿ ಬಿತ್ತೋ ಇಲ್ಲವೋ ಎಂದು ಅನುಮಾನ ಬಂದು ವಾಪಸ್ಸು ಬಂದು ಇನ್ನೊಮ್ಮೆ ಜಗ್ಗುತ್ತಾರೆ. ನಗಬೇಡಿ, ನಿಮ್ಮ ಮನೆಯಲ್ಲೂ ಇಂಥವರು ಒಬ್ಬರು ಇದ್ದೇ ಇರುತ್ತಾರೆ.

ಮನೆ ಖಾಲಿ ಇರುತ್ತದಲ್ಲ, ಕಾವಲು ಬೇಕಲ್ಲ ಎಂದು ಬೈಲಪ್ಪ ಒಂದು ಚೈನು ತಂದರು. ಕೆಂಚನನ್ನು ಜಗಲಿಯ ಕಂಬಕ್ಕೆ ಕಟ್ಟಿ, ಅಲ್ಯೂಮಿನಿಯಂ ತಟ್ಟೆಯಲ್ಲಿ ಮುದ್ದೆ ಸಾರು ಇಟ್ಟು, ಪಕ್ಕದಲ್ಲಿ ನೀರಿಟ್ಟು ಹೋಗುತ್ತಿದ್ದರು. ಸಂಜೆ ಬಂದು ನೋಡಿದರೆ ಮುದ್ದೆ ಇಟ್ಟ ಹಾಗೇ ಇರುತ್ತಿತ್ತು, ಒಣಗಿ, ಇರುವೆ ಹತ್ತಿ. ಬೈಲಪ್ಪ ಗೇಟು ತೆಗೆದ ಕೂಡಲೇ ಕೆಂಚ ಕುಂಯ್‌ಗುಟ್ಟಿ, ಅವರು ಹತ್ತಿರ ಬಂದರೆ ಎದೆಯ ತನಕ ನೆಗೆದು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಆಮೇಲೆ ಆ ಒಣ ಮುದ್ದೆಯನ್ನೇ ಗಬಗಬ ನುಂಗುತ್ತಿತ್ತು. ಅದನ್ನು ನೋಡಿ ಬೈಲಪ್ಪನವರ ಕಣ್ಣು ತುಂಬುತ್ತಿತ್ತು. ಟೀ ಅಂಗಡಿಯಲ್ಲಿ ನಾಲ್ಕು ಜನ ಸೇರಿದರೆ ಅದೇ ಮಾತು.

"ನಮ್ ಕೆಂಚನಿಗಿರೋ ನಿಯತ್ತು ಮನುಷ್ಯರಿಗಿಲ್ಲ ಕಣ್ರಪ್ಪ. ನಾನು ಬರೋಗಂಟ ಒಂದು ತುತ್ತು ಮುಟ್ಟಲ್ಲ. ದಿನಾ ಉಪವಾಸ."

ಕೇಳಿದವರು ತಲೆದೂಗಿದರು. ನಿಜ ಹೇಳಬೇಕೆಂದರೆ, ಅಲ್ಲಿ ನೀವಿದ್ದರೂ ತಲೆದೂಗುತ್ತಿದ್ದಿರಿ.

ತಲೆದೂಗದವಳು ಒಬ್ಬಳೇ, ಬಾಡಿಗೆ ಮನೆಯ ಅಲಮೇಲು. ಅವಳ ಮನೆ ಅಂಗಳಕ್ಕೆ ಎದುರು. ಹೆರಿಗೆಯಾಗಿ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ದಿನವಿಡೀ ಮನೆಯಲ್ಲಿ ಇರುವವಳು ಅವಳೇ. ಒಂದು ದಿನ ಬೈಲಪ್ಪ ಬರುವುದನ್ನೇ ಕಾದಿದ್ದು ಹೇಳಿದಳು.

"ಅಂಕಲ್, ನೀವು ಬೇಜಾರು ಮಾಡ್ಕೋಬಾರ್ದು. ನೀವು ಆ ಕಡೆ ಹೋದ್ರೆ ಸಾಕು, ಈ ಕಡೆ ಇದು ಊಳಿಡೋಕೆ ಶುರು ಮಾಡ್ತದೆ. ಮಗು ಬೆಚ್ಚಿ ಬೀಳ್ತದೆ. ಬಾಣಂತಿ ಮನೆ ಮುಂದೆ ನಾಯಿ ಹೀಗೆ ಅಳಬಾರ್ದು, ಕೆಟ್ಟದ್ದಾಗ್ತದೆ ಅಂತ ನಮ್ಮಮ್ಮ ಹೆದರ್ಕೊಂಡಿದ್ದಾರೆ. ನಾವು ಬೇರೆ ಮನೆ ನೋಡ್ಕೋತೀವಿ."

ಬಾಣಂತಿಯೊಬ್ಬಳು ತಮ್ಮ ನಾಯಿಯ ದೆಸೆಯಿಂದ ಗಂಟುಮೂಟೆ ಕಟ್ಟಿಕೊಂಡು ಹೋಗುವುದೆಂದರೆ ಬೈಲಪ್ಪನವರಂಥವರಿಗೆ ತಲೆ ತಗ್ಗಿಸುವ ವಿಷಯ. ಅದೇ ದಿನ ಬಾಗಿಲ ಬುಡವೆಲ್ಲ ಕೆರೆದು ಬಣ್ಣ ಹೋಗಿರುವುದೂ ಕಣ್ಣಿಗೆ ಬಿತ್ತು. ಕೋಪದಲ್ಲಿ ಕೆಂಚನಿಗೆ ಎರಡೇಟು ಬಿಟ್ಟರು. ಮರುದಿನ ಕೆಂಚ ಇನ್ನೂ ಜೋರಾಗಿ ಅತ್ತಿತು.

ವಿಷಯ ಬೈಲಪ್ಪನವರ ಅಣ್ಣ ರಾಮಯ್ಯನವರಿಗೆ ಮುಟ್ಟಿತು. ಅವರಿಗೆ ಇಟ್ಟಿಗೆ ಸಾಗಿಸುವ ಲಾರಿ ಇದೆ. ಬಂದವರು ಕೂರುವ ಮೊದಲೇ ತೀರ್ಪು ಕೊಟ್ಟರು.

"ಇದರಲ್ಲಿ ಯೋಚನೆ ಮಾಡೋದೇನೈತೆ? ಹೆಂಗಸು ಮನೇಲಿದ್ರೆ ನಾಯಿ ಯಾಕೆ ಅಳ್ತದೆ? ಅಂಜನಮ್ಮ ಕೆಲಸ ಬಿಡ್ಲಿ. ಇಲ್ಲ ಅಂದ್ರೆ ಭಾನುವಾರ ನನ್ ಗಾಡಿ ಕನಕಪುರದ ಕಡೆ ಹೋಗ್ತದೆ. ಇದನ್ನ ಹತ್ತಿಸು. ಯಾವ್ದಾದ್ರೂ ಇಟ್ಟಿಗೆ ಗೂಡಿನ ಹತ್ರ ಬಿಟ್ಟು ಬರ್ತೀನಿ, ಹೆಂಗೋ ಬದುಕ್ಕೋತದೆ."

ಹೆಂಗೋ ಬದುಕಿಕೊಳ್ಳುವುದಿಲ್ಲ ಎಂದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಜನರ ನಡುವೆಯೇ ಬೆಳೆದ ನಾಯಿ ಗೊತ್ತಿಲ್ಲದ ಜಾಗದಲ್ಲಿ, ಬೇರೆ ನಾಯಿಗಳ ಹಿಂಡಿನಲ್ಲಿ, ಲಾರಿಗಳ ನಡುವೆ ಎಷ್ಟು ದಿನ ಉಳಿದೀತು? ಆದರೂ ಬೈಲಪ್ಪ ಹೂಂ ಎಂದುಬಿಟ್ಟರು. ಅಂಜನಮ್ಮ ಎದ್ದು ಒಳಗೆ ಹೋದರು.

ಶುಕ್ರವಾರ ಸಂಜೆ ಅಂಜನಮ್ಮ ನಲ್ಲಿಯ ಹತ್ತಿರ ಬಿಂದಿಗೆ ಇಟ್ಟುಕೊಂಡು ಸುಮ್ಮನೆ ನಿಂತಿದ್ದರು. ಬಿಂದಿಗೆ ತುಂಬಿ ಹರಿಯುತ್ತಿತ್ತು. ಅಷ್ಟರಲ್ಲಿ ಸಾಲಿನ ಕೊನೆಯ ಮನೆಯ ಪಂಕಜಾ ಬಂದರು. ಅವರು ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಡಾಕ್ಟರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಸಂಜೆ ಎಲ್ಲರೂ ಬಂದ ಮೇಲೆ ಬರುವವರಾದ್ದರಿಂದ ಕೆಂಚನ ಕೂಗು ಅವರ ಕಿವಿಗೆ ಬಿದ್ದಿರಲಿಲ್ಲ.

"ಏನಕ್ಕಾ, ನೀರು ಚೆಲ್ತಾ ಇದೆ. ಯಾಕೆ ಹೀಗೆ ನಿಂತಿದೀರಿ?"

"ನಾಡಿದ್ದು ಕೆಂಚನ್ನ ಲಾರಿಗೆ ಹತ್ತಿಸ್ತಾರಂತೆ ಡಾಕ್ಟ್ರಮ್ಮ. ನಾನು ಕೆಲಸ ಬಿಟ್ರೆ ಉಳ್ಕೋತಾನೆ. ನಂಗೆ ಕೆಲಸ ಬಿಡೋಕೂ ಇಷ್ಟ ಇಲ್ಲ, ಅವನ್ನ ಕಳಿಸೋಕೂ ಕರುಳು ಒಪ್ಪಲ್ಲ. ನಮ್ಮತ್ತೆ ಸಾಕಿದ ನಾಯಿ ಅದು." ಹೇಳುತ್ತ ಹೇಳುತ್ತ ಅಂಜನಮ್ಮ ಅತ್ತರು.

ಪಂಕಜಾ ನಲ್ಲಿ ನಿಲ್ಲಿಸಿದರು. "ಒಬ್ಬನೇ ಇದ್ದಾಗ ಅವನು ಏನೇನು ಮಾಡ್ತಾನೆ, ನೋಡಿದೀರಾ?"

"ನಾವಿಲ್ದೇ ಇರೋವಾಗ ಏನ್ಮಾಡ್ತಾನೆ ಅಂತ ನಾವು ಹೆಂಗೆ ನೋಡೋದು ಹೇಳಿ?"

"ಎಲ್ಲರೂ ಇದೇ ಹೇಳ್ತಾರೆ ಅಕ್ಕ. ನೋಡದೇನೇ ಲಾರಿ ಹತ್ತಿಸ್ತಾರೆ. ಬನ್ನಿ, ಯಜಮಾನ್ರ ಹತ್ರ ಮಾತಾಡೋಣ."

ಬೈಲಪ್ಪ ಜಗಲಿಯ ಮೇಲೆ ಕೂತಿದ್ದರು. ಕೆಂಚ ಅವರ ಮಂಡಿಯ ಮೇಲೆ ತಲೆ ಇಟ್ಟಿತ್ತು. ಪಂಕಜಾ ಎಲ್ಲವನ್ನೂ ಕೇಳಿದರು. ಮುದ್ದೆಯ ವಿಷಯ ಬಂದಾಗ ಬೈಲಪ್ಪನವರ ದನಿ ತಾನಾಗಿಯೇ ಏರಿತು.

"ನಿಯತ್ತು ನೋಡಿ ಡಾಕ್ಟ್ರಮ್ಮ. ನಾನು ಬರೋಗಂಟ ತುತ್ತು ಮುಟ್ಟಲ್ಲ."

"ನಿಯತ್ತು ಇದೆ, ಇಲ್ಲ ಅನ್ನಲ್ಲ. ಆದ್ರೆ ಅವನು ಊಟ ಬಿಡೋದು ನಿಯತ್ತಿಗಲ್ಲ ಯಜಮಾನ್ರೇ. ಭಯಕ್ಕೆ."

ಬೈಲಪ್ಪ ಮುಖ ಗಂಟಿಕ್ಕಿದರು. "ಭಯ ಏನಮ್ಮ ಭಯ? ಹುಲಿ ಬರ್ತದಾ ಇಲ್ಲಿ? ನೀವು ಓದಿದೋರು, ಏನ್ ಹೇಳಿದ್ರೂ ನಡೀತದೆ."

"ನಿಮ್ಮ ಮಗಳು ಮದುವೆಯಾಗಿ ಹೋದ ಹೊಸದ್ರಲ್ಲಿ ನಿಮಗೆ ಊಟ ಸೇರ್ತಿತ್ತಾ?"

"ಎಲ್ಲಿ ಸೇರ್ತದೆ?" ಎಂದರು ಅಂಜನಮ್ಮ. "ತಟ್ಟೆ ಮುಂದೆ ಕೂತ್ಕೊಂಡು ಹಂಗೇ ಎದ್ದು ಹೋಗೋರು."

"ಹೊಟ್ಟೇಲಿ ಸಂಕಟ ಇದ್ರೆ ತುತ್ತು ಇಳಿಯಲ್ಲ. ಆದ್ರೂ ನಿಮಗೆ ಒಂದು ಧೈರ್ಯ ಇತ್ತು. ಗಿರಿನಗರ ಏನು ದೂರ, ಬಸ್ಸು ಹತ್ತಿದ್ರೆ ಮಗಳ ಮುಖ ನೋಡ್ಬೋದು ಅಂತ. ಇವನಿಗೆ ಆ ಧೈರ್ಯ ಯಾರು ಹೇಳ್ತಾರೆ? ಮನೆ ತುಂಬ ಇದ್ದ ಜನ ಒಬ್ಬೊಬ್ಬರಾಗಿ ಹೋದ್ರು. ಅಜ್ಜಿ ಹೋದವರು ವಾಪಸ್ಸು ಬರಲೇ ಇಲ್ಲ. ಈಗ ನೀವಿಬ್ರೂ ಬೀಗ ಹಾಕ್ಕೊಂಡು ಹೋಗ್ತೀರಿ. ನೀವು ಬರ್ತೀರೋ ಇಲ್ವೋ ಅನ್ನೋದು ಅವನಿಗೆ ಹೇಗೆ ಗೊತ್ತಾಗ್ಬೇಕು?"

ಬೈಲಪ್ಪ ಕೆಂಚನ ಬಗ್ಗಿದ ಕಿವಿ ಸವರಿದರು. ಆದರೆ ಸೋಲುವ ಪೈಕಿಯೂ ಅಲ್ಲ. "ನಾಯಿ ಅಂದ್ಮೇಲೆ ಬಾಗಿಲು ಕಾಯ್ಬೇಕು. ಕಾಯ್ತಾ ಅವನೆ. ಅವನ ಕೆಲಸ ಅವನು ಮಾಡ್ತಾನೆ, ಅಷ್ಟೇ."

"ನಾಳೆ ಒಂದು ದಿನ ನೀವೇ ನೋಡ್ಬಿಡಿ. ದಿನಾ ಹೋಗೋ ಹಾಗೇ ಹೊರಡಿ. ಒಂದು ಚೂರೂ ಬದಲಾಯಿಸ್ಬೇಡಿ. ತಿರುವಿನಿಂದ ಹಿಂದಿನ ಓಣಿಗೆ ಬಂದು ಅಲಮೇಲು ಅಡುಗೆಮನೆ ಕಿಟಕಿ ಹತ್ರ ಕೂರಿ. ನನಗೆ ನಾಳೆ ಮಧ್ಯಾಹ್ನದ ಡ್ಯೂಟಿ, ನಾನೂ ಬರ್ತೀನಿ. ನಾನು ಹೇಳಿದ್ದು ತಪ್ಪು ಅಂತ ಕಂಡ್ರೆ ಲಾರಿ ಇದ್ದೇ ಇದೆ."

ಬಾಣಂತಿಯ ಅಡುಗೆಮನೆಯಲ್ಲಿ ಮನೆ ಯಜಮಾನ ಅವಿತು ಕೂರುವುದೇ ಎಂದು ಬೈಲಪ್ಪ ಗೊಣಗಿದರು. ಅಂಜನಮ್ಮ ಹೋಗಿ ಅಲಮೇಲುವನ್ನು ಕೇಳಿಕೊಂಡು ಬಂದರು. ಅವಳು ಒಪ್ಪಿದಳು.

ಶನಿವಾರ ಬೆಳಿಗ್ಗೆ ಎಲ್ಲ ದಿನದ ಹಾಗೇ ನಡೆಯಿತು. ಅಂಜನಮ್ಮ ಗೂಡಿನಿಂದ ಊಟದ ಡಬ್ಬಿ ಇಳಿಸಿದರು. ಡಬ್ಬಿಯ ಸದ್ದಿಗೆ ಕೆಂಚನ ನಿಂತ ಕಿವಿಯೂ ಬಗ್ಗಿತು. ಬೈಲಪ್ಪ ಚಪ್ಪಲಿ ಮೆಟ್ಟಿದಾಗ ಅದರ ಹಿಂಗಾಲು ನಡುಗಿತು. ಇದು ದಿನವೂ ಆಗುತ್ತಿದ್ದದ್ದೇ, ಆದರೆ ಬೈಲಪ್ಪ ನೋಡಿದ್ದು ಇವತ್ತೇ ಮೊದಲು. ಅಂಜನಮ್ಮ ಅದರ ಕುತ್ತಿಗೆ ತಬ್ಬಿಕೊಂಡು, "ಬರ್ತೀನಿ ಕಂದ, ಅಳ್ಬೇಡ, ಜೋಪಾನ" ಎಂದು ಹತ್ತು ಸಲ ಹೇಳಿ ವ್ಯಾನಿಗೆ ಓಡಿದರು. ಬೈಲಪ್ಪ ಬೀಗ ಹಾಕಿ ಜಗ್ಗಿದರು. ತಿರುವಿನ ತನಕ ಹೋಗಿ, ವಾಪಸ್ಸು ಬಂದು ಮತ್ತೆ ಜಗ್ಗಿದರು. ಕೆಂಚ ಬಾಲ ಅಲ್ಲಾಡಿಸಿ ಎದ್ದು ನಿಂತಿತು. ಬೈಲಪ್ಪ ಮತ್ತೆ ಹೊರಟುಹೋದರು.

ಅಲಮೇಲು ಕೊಟ್ಟ ಮಣೆಯ ಮೇಲೆ ಕೂತು ಕಿಟಕಿಯಿಂದ ನೋಡುತ್ತಾರೆ, ಕೆಂಚ ಚೈನಿನ ಉದ್ದಕ್ಕೂ ಅತ್ತಿಂದಿತ್ತ ಓಡುತ್ತಿದೆ. ಬಾಯಿಂದ ಜೊಲ್ಲು ಸುರಿಯುತ್ತಿದೆ. ಬಿಸಿಲಿನ್ನೂ ಏರಿಲ್ಲ, ಆದರೂ ತೇಕುತ್ತಿದೆ. ಮುದ್ದೆಯ ತಟ್ಟೆಯನ್ನು ತುಳಿದು ದಾಟಿತು, ಮೂಸಿಯೂ ನೋಡಲಿಲ್ಲ. ಬಾಗಿಲ ಬುಡವನ್ನು ಕೆರೆಯಿತು. ಬೀಗದ ಕಡೆ ತಲೆ ಎತ್ತಿ ನೋಡಿತು. ಆಮೇಲೆ ಮೂತಿ ಮೇಲೆತ್ತಿ ಉದ್ದಕ್ಕೆ ಊಳಿಟ್ಟಿತು. ಒಳಕೋಣೆಯಲ್ಲಿ ಮಗು ಬೆಚ್ಚಿ ಅತ್ತಿತು.

ಅಷ್ಟರಲ್ಲಿ ಹಳೇ ಪೇಪರಿನವನೊಬ್ಬ ಗೇಟಿನ ಹತ್ತಿರ ಕೂಗಿದ. ಉತ್ತರ ಬರಲಿಲ್ಲ. ಗೇಟು ತೆಗೆದು ಒಳಗೇ ಬಂದ. ನಲ್ಲಿಯಲ್ಲಿ ನೀರು ಕುಡಿದ, ಮುಖ ತೊಳೆದುಕೊಂಡ. ಕೆಂಚ ಒಂದು ಸಲವೂ ಬೊಗಳಲಿಲ್ಲ, ಅವನತ್ತ ತಿರುಗಿಯೂ ನೋಡಲಿಲ್ಲ. ಅವನೇ ಹತ್ತಿರ ಹೋಗಿ ತಲೆ ಸವರಿ, "ಯಾಕೋ ಮಗಾ ಹಿಂಗೆ ಅಳ್ತೀಯಾ, ಯಾರೂ ಇಲ್ವಾ ನಿಂಗೆ?" ಎಂದು ಕೇಳಿ, ಗೇಟು ಹಾಕಿಕೊಂಡು ಹೋದ.

"ಇದು ಕಾವಲಲ್ಲ" ಎಂದರು ಪಂಕಜಾ ಮೆಲ್ಲಗೆ. "ಭಯ ಬಿದ್ದ ನಾಯಿಗೆ ಕಳ್ಳನೂ ಕಾಣಲ್ಲ, ಊಟವೂ ಕಾಣಲ್ಲ. ಬೇಜಾರಿಗೆ ತುಂಟತನ ಮಾಡೋ ನಾಯಿ ಬೇರೆ. ಅದು ಊಟ ಮಾಡ್ತದೆ, ಚಪ್ಪಲಿ ಕಚ್ತದೆ, ಆಮೇಲೆ ಬಿದ್ಕೊಂಡು ನಿದ್ದೆ ಮಾಡ್ತದೆ. ಇವನು ನೀವು ಹೋದ ಬಾಗಿಲನ್ನ ಮಾತ್ರ ಕೆರೀತಿದ್ದಾನೆ. ಅದಕ್ಕೆ ನೀವು ಹೊಡೆದ್ರಿ. ಇವನಿಗೆ ಅರ್ಥ ಆಗಿದ್ದು ಒಂದೇ, ನೀವು ವಾಪಸ್ಸು ಬರೋದೂ ಹೆದರಿಕೆ ಅಂತ. ಸಾಕು, ನೋಡ್ಬೇಕಾದ್ದು ನೋಡಿದ್ವಿ. ಹೋಗಿ ಅವನ ಹತ್ರ."

ಬೈಲಪ್ಪ ಆಗಲೇ ಎದ್ದಿದ್ದರು. ಹೋಗಿ ಚೈನು ಬಿಚ್ಚಿ ಕೆಂಚನನ್ನು ತಬ್ಬಿಕೊಂಡರು. ಅದರ ಪಕ್ಕೆಯ ಮೇಲೆ ಕೈ ಇಟ್ಟರೆ ಎದೆ ಹೊಡೆದುಕೊಳ್ಳುವುದು ಕೈಗೆ ತಾಗುತ್ತಿತ್ತು. ಅವರಿಗೆ ನಾಚಿಕೆಯಾಯಿತು, ದುಃಖವೂ ಆಯಿತು.

"ನನ್ ನಾಯಿ ಇಲ್ಲಿ ಹಸ್ಕೊಂಡು ನಡುಗ್ತಾ ಐತೆ. ನಾನು ಅದನ್ನೇ ಹೇಳ್ಕೊಂಡು ಊರ ತುಂಬ ಮೆರೆದೆನಲ್ಲಮ್ಮ."

ಅಲಮೇಲು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಿದ್ದಳು. "ನಾನೂ ಅಷ್ಟೇ ಅಂಕಲ್. ಇಷ್ಟು ದಿನ ಕಿಟಕಿ ಮುಚ್ಕೊಂಡು ಬೈತಾ ಕೂತಿದ್ದೆ. ಕೆಟ್ಟ ಶಕುನ ಅಂತ ಬೇರೆ ಹೆದರಿದ್ದೆ."

"ಅವನಿಗೆ ಮುಂದಿನ ವಿಚಾರ ಏನು ಗೊತ್ತು ಅಲಮೇಲು?" ಎಂದರು ಪಂಕಜಾ. "ಸಂಜೆ ಯಜಮಾನ್ರು ಬರ್ತಾರೆ ಅನ್ನೋದೇ ಗೊತ್ತಿಲ್ಲ."

ಭಾನುವಾರ ಬೆಳಿಗ್ಗೆ ರಾಮಯ್ಯನವರ ಲಾರಿ ಬಂದು ಹಾರ್ನ್ ಹೊಡೆಯಿತು. ಬೈಲಪ್ಪ ಗೇಟಿಗೆ ಹೋಗಿ ನಿಂತರು. ಅವರ ಹಿಂದೆ ಅಂಜನಮ್ಮ, ಅಂಜನಮ್ಮನ ಹಿಂದೆ ಕೆಂಚ.

"ನಾಯಿ ಎಲ್ಲಿ, ಹತ್ತಿಸು."

"ಇಲ್ಲ ಅಣ್ಣ, ಅವನು ಬರಲ್ಲ. ಅವನ ಜಾಗಕ್ಕೆ ನಾಲ್ಕು ಇಟ್ಟಿಗೆ ಜಾಸ್ತಿ ಹಾಕ್ಕೊಂಡು ಬಾ."

"ಹಂಗಾದ್ರೆ ಇವಳು ಕೆಲಸ ಬಿಡ್ತಾಳಾ?"

"ಅವಳೂ ಬಿಡಲ್ಲ" ಎಂದರು ಬೈಲಪ್ಪ.

ರಾಮಯ್ಯ ತಲೆ ಚಚ್ಚಿಕೊಂಡು ಲಾರಿ ಹತ್ತಿದರು.

ಇನ್ನು ಶುರುವಾಯಿತು ನೋಡಿ ಬೈಲಪ್ಪನವರ ಪಾಠ. ಪಂಕಜಾ ಹೇಳಿದ್ದು ಸುಲಭ, ಮಾಡುವುದಕ್ಕೆ ತಾಳ್ಮೆ ಬೇಕು. ಚೈನು ಮೂಲೆ ಸೇರಿತು. ಅಂಗಳದ ಗೇಟು ಭದ್ರವಾಗಿತ್ತು, ಕೆಂಚ ಜಗಲಿ ಅಂಗಳ ಎರಡರಲ್ಲೂ ಓಡಾಡಿಕೊಂಡಿರಬಹುದಿತ್ತು. ಸೊಣ್ಣಮ್ಮನ ಹಳೆಯ ಕಂಬಳಿಯನ್ನು ಅಂಜನಮ್ಮ ಅಟ್ಟದಿಂದ ಇಳಿಸಿ ಜಗಲಿಯ ನೆರಳಿನಲ್ಲಿ ಹಾಸಿದರು. ಕೆಂಚ ಅದನ್ನು ಬಹಳ ಹೊತ್ತು ಮೂಸಿ, ಸುತ್ತು ತಿರುಗಿ, ಅದರ ಮೇಲೇ ಮಲಗಿತು. ಅಂಜನಮ್ಮನಿಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಬೀಗ. ಬೈಲಪ್ಪ ಹೊರಗೆ ಹೋಗದೆಯೇ ಬೀಗ ಹಾಕಬೇಕು, ತೆಗೆಯಬೇಕು. ಚಪ್ಪಲಿ ಮೆಟ್ಟಿ ಜಗಲಿಯ ಮೇಲೇ ಕೂರಬೇಕು. ಅಂಜನಮ್ಮ ಸುಮ್ಮಸುಮ್ಮನೆ ಊಟದ ಡಬ್ಬಿ ಇಳಿಸಿ ಮತ್ತೆ ಗೂಡಿನಲ್ಲಿಡಬೇಕು. ಡಬ್ಬಿ, ಚಪ್ಪಲಿ, ಬೀಗ ಅಂದರೆ ಎಲ್ಲರೂ ಹೊರಟುಹೋದರು ಅಂತಲ್ಲ ಎಂದು ಕೆಂಚನಿಗೆ ಗೊತ್ತಾಗಬೇಕು. ಓಣಿಯಲ್ಲಿ ಹೋಗುವವರು ನಿಂತು ನೋಡಿದರು. ಬೈಲಪ್ಪನಿಗೆ ಏನೋ ಆಗಿದೆ, ತನ್ನ ಮನೆ ಬೀಗವನ್ನೇ ಹಾಕಿ ತೆಗೆದು ಮಾಡುತ್ತಾನೆ ಎಂದು ಟೀ ಅಂಗಡಿಯಲ್ಲಿ ಸುದ್ದಿಯಾಯಿತು. ಬೈಲಪ್ಪ ಕೇಳಿಸಿಕೊಳ್ಳದ ಹಾಗೆ ಇದ್ದರು.

ಬೀಗದ ಸದ್ದಿಗೆ ಕೆಂಚ ತಲೆ ಎತ್ತುವುದನ್ನು ಬಿಟ್ಟ ಮೇಲೆ ಬೈಲಪ್ಪ ಗೇಟಿನ ಆಚೆ ಹೋಗಿ ಬಂದರು. ಆಮೇಲೆ ತಿರುವಿನ ತನಕ. ಆಮೇಲೆ ಟೀ ಕುಡಿದು ಬರುವಷ್ಟು ಹೊತ್ತು, ಹೀಗೇ ದಿನದಿನಕ್ಕೂ ಇನ್ನೊಂದಿಷ್ಟು ಹೊತ್ತು. ಹೋಗುವಾಗ ತಬ್ಬಿ ಅಳುವುದಿಲ್ಲ, ಬಂದಾಗ ಮೆರವಣಿಗೆ ಮಾಡುವುದಿಲ್ಲ. ಅದು ನೆಗೆದಾಡುವುದು ನಿಲ್ಲಿಸಿದ ಮೇಲೆ ತಲೆ ಸವರುವುದು. ಹೊರಡುವ ಮೊದಲು ಸಾರಕ್ಕಿ ಕೆರೆ ಏರಿಯ ಮೇಲೆ ಒಂದು ಒಳ್ಳೆಯ ಸುತ್ತು. ತಟ್ಟೆಯ ಬದಲು ಖಾಲಿ ತೆಂಗಿನ ಚಿಪ್ಪಿನೊಳಗೆ ಮೂಳೆ ಸಾರು ಕಲಸಿದ ಒಂದು ಹಿಡಿ ಮುದ್ದೆ ಒತ್ತಿ ಇಡುವುದು, ನೆಕ್ಕಿ ನೆಕ್ಕಿ ತೆಗೆಯಲು ಅದಕ್ಕೂ ಕೆಲಸ. ಇಷ್ಟು ಕಲಿಯುವ ತನಕ ಕೆಂಚನನ್ನು ಒಂಟಿಯಾಗಿ ಹೆಚ್ಚು ಹೊತ್ತು ಬಿಡಲೇ ಇಲ್ಲ. ಬೈಲಪ್ಪ ಅದನ್ನು ನಡೆಸಿಕೊಂಡೇ ಅಂಗಡಿಗೆ ಕರೆದೊಯ್ಯುತ್ತಿದ್ದರು. ಬೂಸಾ ಮೂಟೆಗಳ ನಡುವೆ ಮಲಗಿ, ಸಂಜೆ ಹೊಟ್ಟಿನ ಬಣ್ಣ ಬಳಿದುಕೊಂಡು ವಾಪಸ್ಸು ಬರುತ್ತಿತ್ತು.

ಒಂದು ಸಲ ಎಡವಟ್ಟಾಯಿತು. ಮಗಳ ಸೀಮಂತ ಇತ್ತು. ಈಗ ಕಲಿತಿದ್ದಾನಲ್ಲ ಎಂದು ನಂಬಿ ಬೆಳಿಗ್ಗೆಯೇ ಗಿರಿನಗರಕ್ಕೆ ಹೋದವರು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಬಾಗಿಲ ಬುಡ ಮತ್ತೆ ಕೆರೆದಿತ್ತು. ಜಗಲಿಯಲ್ಲಿ ಉಚ್ಚೆ. ಬೈಲಪ್ಪನವರ ಕೈ ಮೇಲೆ ಹೋಯಿತು, ಹಾಗೇ ಇಳಿಯಿತು. ನೀರು ತಂದು ತಾವೇ ಜಗಲಿ ತೊಳೆದು, ಪಂಕಜಾ ಬಂದ ಮೇಲೆ ಕೇಳಿದರು.

"ಎಲ್ಲಾ ಹಾಳಾಯ್ತಾ ಡಾಕ್ಟ್ರಮ್ಮ?"

"ಹಾಳಾಗಿಲ್ಲ. ಎರಡು ಹೆಜ್ಜೆ ಹಿಂದೆ ಹೋಗಿ, ಅಲ್ಲಿಂದ ಮತ್ತೆ ಶುರು ಮಾಡಿ. ಮಧ್ಯಾಹ್ನದ ತನಕ ಸುಮ್ಮನೆ ಮಲಗಿದ್ದ, ಊಳಿಟ್ಟಿದ್ದು ಆಮೇಲೇ ಅಂತ ಅಲಮೇಲು ಹೇಳಿದ್ಲು. ಅಂದ್ರೆ ಇವತ್ತು ನಮಗೊಂದು ವಿಷಯ ಗೊತ್ತಾಯ್ತು. ಇವನು ಮಧ್ಯಾಹ್ನದ ತನಕ ಒಬ್ಬನೇ ಇರಬಲ್ಲ. ಬೆಳಗಿಂದ ಸಂಜೆ ತನಕ ಇರಲಾರ."

"ಪೂರ್ತಿ ಸರಿಹೋಗಲ್ವಾ?"

"ನಾನು ಗ್ಯಾರಂಟಿ ಕೊಡಲ್ಲ. ಒಂದೊಂದು ನಾಯಿದು ಒಂದೊಂದು ಅಳತೆ. ಮರಿ, ಮುದಿ ನಾಯಿ, ಕಾಯಿಲೆ ನಾಯಿ ಒಂಟಿಯಾಗಿ ಇರೋದೇ ಕಷ್ಟ. ಗಟ್ಟಿಮುಟ್ಟಾದ ನಾಯಿಗೂ ಇಡೀ ಹಗಲು ಜಾಸ್ತೀನೇ. ಇವನ ಕೈಲಿ ಎಷ್ಟಾಗ್ತದೆ ಅಂತ ಗೊತ್ತಾಯ್ತಲ್ಲ, ಅಷ್ಟಕ್ಕೆ ನಮ್ಮ ದಿನಾನ ಹೊಂದಿಸ್ಕೋಬೇಕು. ಮಧ್ಯಾಹ್ನ ಯಾರು ಬರ್ತೀರಿ, ಅದು ಹೇಳಿ."

ಅಂಜನಮ್ಮ ಗಂಡನ ಮುಖ ನೋಡಿದರು. ಬೈಲಪ್ಪ ಮಧ್ಯಾಹ್ನ ಬನಶಂಕರಿಯ ಹೋಟೆಲಿನಲ್ಲಿ ಊಟ ಮಾಡಿ ಮೂಟೆಗೊರಗಿ ಒಂದು ನಿದ್ದೆ ತೆಗೆಯುವವರು. ಆ ನಿದ್ದೆ ಅವರಿಗೆ ಬಲು ಪ್ರೀತಿ.

"ನಾನೇ ಬರ್ತೀನಿ ಬಿಡಿ" ಎಂದರು. "ನಿದ್ದೇನ ಮನೇಲೇ ಮಾಡ್ತೀನಿ."

"ನೀವು ಬರೋಕಾಗ್ದಿದ್ದ ದಿನ ಹೇಳಿ ಅಂಕಲ್, ನಾನು ಮಗೂನ ಎತ್ಕೊಂಡು ಹೋಗಿ ಜಗಲೀಲಿ ಕೂತ್ಕೋತೀನಿ. ನಂಗೂ ಮನೆಯೊಳಗೆ ಕೂತು ಕೂತು ಸಾಕಾಗಿದೆ" ಎಂದಳು ಎದುರು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಲಮೇಲು. ಬೇರೆ ಮನೆ ನೋಡುವ ಮಾತನ್ನು ಅವಳು ಎಂದೋ ಬಿಟ್ಟಿದ್ದಳು.

ದಸರಾ ಮುಗಿದ ಮೇಲೆ ಒಂದು ದಿನ. ಬೈಲಪ್ಪ ಮಧ್ಯಾಹ್ನ ಬಸ್ಸಿಳಿದು ಓಣಿಗೆ ತಿರುಗಿದರು. ಊಳು ಕೇಳಲಿಲ್ಲ. ಗೇಟು ತೆಗೆದರು, ಯಾರೂ ಎದೆಗೆ ನೆಗೆಯಲಿಲ್ಲ. ಬೇಗ ಬೇಗ ಜಗಲಿಗೆ ಬಂದು ನೋಡಿದರೆ ಕೆಂಚ ಸೊಣ್ಣಮ್ಮನ ಕಂಬಳಿಯ ಮೇಲೆ ನಾಲ್ಕು ಕಾಲೂ ಚಾಚಿ ಮಲಗಿತ್ತು. ಒಂದು ಕಣ್ಣು ತೆರೆಯಿತು. ಬಂದಿರಾ, ಸರಿ ಎನ್ನುವ ಹಾಗೆ ಬಾಲವನ್ನು ಎರಡು ಸಲ ನೆಲಕ್ಕೆ ಬಡಿದು ಮತ್ತೆ ಕಣ್ಣು ಮುಚ್ಚಿತು.

ನಿಜ ಹೇಳಬೇಕೆಂದರೆ ಬೈಲಪ್ಪನವರಿಗೆ ಮೊದಲು ಸ್ವಲ್ಪ ನೋವಾಯಿತು. ಏಳಲೂ ಇಲ್ಲವಲ್ಲ ಎಂದು. ಆಮೇಲೆ ಪಕ್ಕದಲ್ಲಿದ್ದ ತೆಂಗಿನ ಚಿಪ್ಪು ಕಂಡಿತು. ಕೈಗೆತ್ತಿಕೊಂಡು ಬೆರಳಾಡಿಸಿ ನೋಡಿದರು. ಮುದ್ದೆಯ ಗುರುತೂ ಇರಲಿಲ್ಲ. ಆ ಖಾಲಿ ಚಿಪ್ಪನ್ನು ಹಿಡಿದುಕೊಂಡು ಅವರು ಕೆಂಚನ ಪಕ್ಕ ಕೂತುಬಿಟ್ಟರು. ಕಣ್ಣೊರೆಸಿಕೊಂಡದ್ದನ್ನು ಕಿಟಕಿಯಿಂದ ಅಲಮೇಲು ನೋಡಿದಳು, ನೋಡದ ಹಾಗೆ ಒಳಗೆ ಹೋದಳು.

ಅದೇ ಹೊತ್ತಿಗೆ ಗೇಟಿನಲ್ಲಿ ಹಳೇ ಪೇಪರಿನವನ ಕೂಗು ಕೇಳಿತು. ಕೆಂಚ ಚಂಗನೆ ಎದ್ದು ಹೋಗಿ, ಕಾಲೂರಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ಬೊಗಳಿತು. ಅವನು ಗೇಟಿನ ಮೇಲಿಟ್ಟ ಕೈ ತೆಗೆದ.

ಅವತ್ತು ಸಂಜೆ ಟೀ ಅಂಗಡಿಯಲ್ಲಿ ಬೈಲಪ್ಪ ಮತ್ತೆ ಕೆಂಚನ ಮಾತೇ ತೆಗೆದರು.

"ನಮ್ ನಾಯಿ ನಾನಿಲ್ದಿದ್ರೂ ಊಟ ಮಾಡ್ತದೆ ಕಣ್ರಪ್ಪ."

ಅದರಲ್ಲೇನಿದೆ ದೊಡ್ಡಸ್ತಿಕೆ ಎಂದು ಒಬ್ಬರು ಕೇಳಿದರು. ಬೈಲಪ್ಪ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇನ್ನೊಂದು ಟೀ ಹೇಳಿ, ಮೊದಲಿನಿಂದ ಶುರು ಮಾಡಿದರು.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಸರದಿ. ನಿಮ್ಮ ಮನೆಗೂ ಬೀಗ ಬಂದಿರಬಹುದು, ನೀವೂ ಕೆಲಸಕ್ಕೆ ಹೋಗುವವರಿರಬಹುದು. ಹೋಗಿ, ಅದರಲ್ಲಿ ತಪ್ಪಿಲ್ಲ. ನಾಯಿ ಇದೆ ಎಂದು ಹೆಂಗಸರು ಮನೆಯಲ್ಲಿ ಕೂರಬೇಕಾಗಿಲ್ಲ, ಕೆಲಸ ಇದೆ ಎಂದು ನಾಯಿಯನ್ನು ಲಾರಿ ಹತ್ತಿಸಬೇಕಾಗಿಯೂ ಇಲ್ಲ. ಆದರೆ ನಿಮ್ಮ ನಾಯಿ ಒಂಟಿಯಾಗಿ ಇರಬಲ್ಲದೋ ಇಲ್ಲವೋ ಎನ್ನುವುದನ್ನು ನೀವೇ ಊಹಿಸಿಕೊಂಡು ತೀರ್ಮಾನ ಮಾಡಬೇಡಿ. ಒಂದು ದಿನ ಎದುರುಮನೆಯ ಕಿಟಕಿಯಲ್ಲಿ ಕೂತು ಅದನ್ನೇ ಕೇಳಿ, ಅದು ಹೇಳುತ್ತದೆ. ಅದರ ಕೈಲಿ ಎಷ್ಟಾಗುತ್ತದೋ ಅಷ್ಟು ಹೊತ್ತು ಮಾತ್ರ ಬಿಡಿ, ಉಳಿದದ್ದಕ್ಕೆ ನೆರೆಯವರ ಸಹಾಯ ಕೇಳಿ. ಅನುಮಾನವಿದ್ದರೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ ವಿಚಾರಿಸಿ. ಹೊಡೆಯಬೇಡಿ, ದೂರ ಒಯ್ದು ಬಿಡಬೇಡಿ.

ಅಷ್ಟೆಲ್ಲ ಆಮೇಲೆ. ಇವತ್ತು ಸಂಜೆ ಮನೆಗೆ ಹೋದ ಕೂಡಲೇ ಮೊದಲು ಅದರ ತಟ್ಟೆ ನೋಡಿ.